ಮಗುವಿನ ನರಮನೋವೈಜ್ಞಾನಿಕ ಪರೀಕ್ಷೆ: ಹಣ ಹೊಂದಿಸುವ ಮುನ್ನ ತಿಳಿದಿರಬೇಕಾದದ್ದು

ಶಾಲೆಯ ಡೈರಿಯಲ್ಲಿ "ಮಗುವಿಗೆ ಅಸೆಸ್‌ಮೆಂಟ್ ಮಾಡಿಸಿ ವರದಿ ತನ್ನಿ" ಎಂಬ ಒಂದು ಸಾಲು ಬಂದಾಗ, ಅಥವಾ ಫಿಟ್ಸ್‌ಗೆ ಔಷಧಿ ಕೊಡುತ್ತಿರುವ ವೈದ್ಯರು ನರಮನೋವೈಜ್ಞಾನಿಕ ಮೌಲ್ಯಮಾಪನ ಆಗಬೇಕೆಂದು ಚೀಟಿ ಬರೆದುಕೊಟ್ಟಾಗ, ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಎಷ್ಟಾಗುತ್ತದೆ ಎಂಬುದು. ದಿನಗೂಲಿಯಲ್ಲಿ ಅಥವಾ ಕಬ್ಬಿನ ದುಡ್ಡಿನ ಮೇಲೆ ಸಂಸಾರ ನಡೆಸುವವರು ಹಾಗೆ ಕೇಳದೆ ಇನ್ನು ಹೇಗೆ ಕೇಳಬೇಕು? ಆದರೆ ಮೈಸೂರು, ಮಂಡ್ಯ ಕಡೆಯ ಹಲವು ಮನೆಗಳಲ್ಲಿ ನಾನು ಕಂಡಂತೆ ಹಣ ಪೋಲಾದದ್ದು ಪರೀಕ್ಷೆ ದುಬಾರಿಯಾಗಿತ್ತೆಂದಲ್ಲ, ಅದನ್ನು ಎರಡು ಸಲ ಮಾಡಿಸಬೇಕಾಗಿ ಬಂದಿತೆಂದು.

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಮಗಳಿಗೆ ಒಂಬತ್ತು ವರ್ಷವಿದ್ದಾಗ, ಪರಿಚಯದವರು ಹೇಳಿದರೆಂದು ಒಂದು ಖಾಸಗಿ ಕೇಂದ್ರಕ್ಕೆ ಕರೆದೊಯ್ದು 8,000 ರೂಪಾಯಿ ಕಟ್ಟಿದೆವು. ಹತ್ತು ದಿನಗಳ ಬಳಿಕ ಕೈಗೆ ಬಂದದ್ದು ಒಂದೂವರೆ ಪುಟದ ವರದಿ. ಅದರಲ್ಲಿ ಐಕ್ಯೂ ಅಂಕಿಯೊಂದು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಸಹಿಯಿತ್ತು, ಸಹಿ ಮಾಡಿದವರ ನೋಂದಣಿ ಸಂಖ್ಯೆ ಇರಲಿಲ್ಲ. ಓದು, ಬರಹ, ಲೆಕ್ಕದ ಪರೀಕ್ಷೆಗಳ ಸುದ್ದಿಯೇ ಇರಲಿಲ್ಲ. ಕಲಿಕಾ ನ್ಯೂನತೆಯ, ಅಂದರೆ ಓದು, ಬರಹ, ಲೆಕ್ಕದಲ್ಲಿನ ತೊಡಕಿನ, ಪ್ರಮಾಣಪತ್ರಕ್ಕೆಂದು ಸರ್ಕಾರಿ ಆಸ್ಪತ್ರೆಗೆ ಹೋದಾಗ ಮೇಜಿನ ಆಚೆಯಿದ್ದವರು ಆ ಹಾಳೆಯನ್ನು ಒಮ್ಮೆ ತಿರುವಿ ನೋಡಿ, ಸೌಜನ್ಯದಿಂದಲೇ ಹಿಂದಕ್ಕೆ ಕೊಟ್ಟರು. ಎಲ್ಲವೂ ಮೊದಲಿನಿಂದ ಆಗಬೇಕಾಯಿತು. ಈ ಬರಹ ಬೇರೆಯವರಿಗೆ ಆ ದಿನ ಬಾರದಿರಲಿ ಎಂಬ ಕಾರಣಕ್ಕೆ.

ಮೊದಲು ಪ್ರಶ್ನೆ ಗೊತ್ತಾಗಲಿ

ನರಮನೋವೈಜ್ಞಾನಿಕ ಮೌಲ್ಯಮಾಪನವೆಂದರೆ ರಕ್ತಪರೀಕ್ಷೆಯಂತೆ ಒಂದೇ ಪರೀಕ್ಷೆಯಲ್ಲ. ಮಗುವಿನ ಗಮನ, ನೆನಪು, ಭಾಷೆ, ಕಣ್ಣು ಮತ್ತು ಕೈಗಳ ಹೊಂದಾಣಿಕೆ, ಯೋಜಿಸಿ ಮಾಡುವ ಶಕ್ತಿ, ಕೆಲಸದ ವೇಗ ಇವನ್ನೆಲ್ಲ ಬೇರೆ ಬೇರೆ ಕಾರ್ಯಗಳ ಮೂಲಕ ಅಳೆದು, ಯಾವುದು ಗಟ್ಟಿಯಾಗಿದೆ, ಯಾವುದು ಹಿಂದುಳಿದಿದೆ ಎಂದು ಒಟ್ಟಾಗಿ ನೋಡುವ ಕ್ರಮ ಅದು. ಎಂಆರ್‌ಐ ಮೆದುಳಿನ ರಚನೆಯನ್ನು ತೋರಿಸುತ್ತದೆ, ಇಇಜಿ ಅದರ ವಿದ್ಯುತ್ ಚಟುವಟಿಕೆಯನ್ನು ತೋರಿಸುತ್ತದೆ. ಆದರೆ ಮಗು ಕಪ್ಪುಹಲಗೆಯ ಮೇಲಿನ ಸಾಲನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವಷ್ಟರಲ್ಲಿ ಅರ್ಧ ಮರೆಯುತ್ತದೆ ಎಂಬುದನ್ನು ಆ ಎರಡೂ ಹೇಳಲಾರವು. ಅದಕ್ಕೆ ಮಗುವಿನೊಂದಿಗೆ ಗಂಟೆಗಟ್ಟಲೆ ಕೂರಲೇಬೇಕು. ಶುಲ್ಕ ಏರುವುದೂ ಇಳಿಯುವುದೂ ಮುಖ್ಯವಾಗಿ ಈ ಗಂಟೆಗಳ ಲೆಕ್ಕದಲ್ಲಿ.

ಆದ್ದರಿಂದ ಬರೆದುಕೊಟ್ಟ ವೈದ್ಯರನ್ನೋ ಶಿಕ್ಷಕರನ್ನೋ ಕೇಳಬೇಕಾದ ಮಾತು ಒಂದೇ: ಈ ವರದಿ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು, ಅದನ್ನು ಯಾರ ಮುಂದೆ ಇಡಬೇಕು? ಉತ್ತರವನ್ನು ಅವರ ಕೈಯಿಂದಲೇ ಎರಡು ಸಾಲು ಬರೆಸಿಕೊಳ್ಳಿ. ಶಾಲೆಯ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗಬೇಕೆಂಬುದೇ ಉದ್ದೇಶವಾದರೆ ಬುದ್ಧಿಶಕ್ತಿಯ ಪರೀಕ್ಷೆ ಮತ್ತು ಕಲಿಕಾ ನ್ಯೂನತೆಯ ಪರೀಕ್ಷಾ ಗುಚ್ಛ (ಒಟ್ಟಿಗೆ ಮಾಡುವ ಹಲವು ಪರೀಕ್ಷೆಗಳ ಕಟ್ಟು) ಸಾಮಾನ್ಯವಾಗಿ ಸಾಕು. ಸಂಪೂರ್ಣ ನರಮನೋವೈಜ್ಞಾನಿಕ ಪರೀಕ್ಷೆಗೆ ಅಷ್ಟು ಹಣ ಸುರಿಯಬೇಕಾಗಿಲ್ಲ. ಕಲಿಕಾ ನ್ಯೂನತೆಗೆ ನಮ್ಮಲ್ಲಿ ಬಳಕೆಯಲ್ಲಿರುವುದು ನಿಮ್ಹಾನ್ಸ್ ಪರೀಕ್ಷಾ ಗುಚ್ಛ. ಅದರಲ್ಲಿ 5ರಿಂದ 7 ವರ್ಷದವರಿಗೆ ಒಂದು ಹಂತ, 8ರಿಂದ 12 ವರ್ಷದವರಿಗೆ ಇನ್ನೊಂದು ಹಂತ ಇದೆ.

ಅಪಘಾತದಲ್ಲಿ ತಲೆಗೆ ಪೆಟ್ಟಾಗಿದ್ದರೆ, ಹತೋಟಿಗೆ ಬಾರದ ಫಿಟ್ಸ್ ಇದ್ದರೆ, ಮೆದುಳು ಜ್ವರ ಬಂದು ಹೋಗಿದ್ದರೆ ಮಾತು ಬೇರೆ. ನಾಲೆ ನೀರಿನ ಗದ್ದೆಗಳಿರುವ ಮಂಡ್ಯ ಜಿಲ್ಲೆಯಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರ ಬಹಳ ಹಿಂದಿನಿಂದ ಕಾಣಿಸಿಕೊಂಡಿದೆ; ಅದಕ್ಕಾಗಿಯೇ ಇಲ್ಲಿನ ಮಕ್ಕಳಿಗೆ ಲಸಿಕೆ ಹಾಕುತ್ತಾರೆ. ಜ್ವರ ಬಿಟ್ಟು ಮಗು ಓಡಾಡತೊಡಗಿದ ಮೇಲೆ ಎಲ್ಲವೂ ಸರಿಹೋಯಿತೆಂದು ಮನೆಯವರು ಭಾವಿಸುತ್ತಾರೆ, ಒಂದೆರಡು ವರ್ಷಗಳ ನಂತರ ಓದಿನಲ್ಲಿ ತೊಡಕು ಕಾಣಿಸಿದರೆ ಸೋಮಾರಿತನವೆಂದು ಬೈಯುತ್ತಾರೆ. ಇಂಥ ಮಕ್ಕಳಿಗೆ ಬರೀ ಐಕ್ಯೂ ಪರೀಕ್ಷೆ ಮಾಡಿಸಿ ನಿಲ್ಲಿಸುವುದು ಅರ್ಧ ಕೆಲಸ. ಇಲ್ಲಿ ಉಳಿತಾಯ ನೋಡದೆ ಪೂರ್ಣ ಪರೀಕ್ಷೆಯನ್ನೇ ಮಾಡಿಸಬೇಕು.

ಆರು ವರ್ಷದೊಳಗಿನ ಮಗುವಿಗೆ ಮಾತು ಬಂದಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ ಎಂಬ ದೂರಿದ್ದರೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ದೊಡ್ಡ ಮಕ್ಕಳಿಗೂ ಕಣ್ಣು ಮತ್ತು ಕಿವಿಗಳ ತಪಾಸಣೆ ಮುಗಿಸಿಯೇ ಮುಂದಕ್ಕೆ ಹೋಗಬೇಕು. ಕನ್ನಡಕ ಬೇಕಾಗಿದ್ದ ಮಗುವಿಗೆ ಸಾವಿರಾರು ರೂಪಾಯಿಯ ಮನಶ್ಶಾಸ್ತ್ರೀಯ ಪರೀಕ್ಷೆ ಮಾಡಿಸಿದರೆ ಆ ಅಂಕಿಗಳನ್ನು ಯಾರೂ ನಂಬುವ ಹಾಗಿಲ್ಲ.

ಇನ್ನೊಂದು ಸಂಗತಿ ಕನ್ನಡದ ಮನೆಗಳಿಗೆ ಮುಖ್ಯ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಗುವಿಗೆ ಇಂಗ್ಲಿಷಿನಲ್ಲೇ ಎಲ್ಲವನ್ನೂ ಕೇಳಿದರೆ ಭಾಷೆಯ ಕೊರತೆ ಬುದ್ಧಿಯ ಕೊರತೆಯಂತೆ ಕಾಣುವ ಅಪಾಯವಿದೆ. ಇವತ್ತಿಗೂ ಬಳಕೆಯಲ್ಲಿರುವ ಬಿನೆಟ್–ಕಾಮತ್ ಬುದ್ಧಿಪರೀಕ್ಷೆ ಹುಟ್ಟಿದ್ದೇ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದ್ದ ಮನಶ್ಶಾಸ್ತ್ರಜ್ಞ ಜೆ. ಭರತ್ ರಾಜ್ ಅವರು ಸಿದ್ಧಪಡಿಸಿದ ಬೆಳವಣಿಗೆಯ ತಪಾಸಣಾ ಪರೀಕ್ಷೆಯೂ, ಸೆಗ್ವಿನ್ ಫಾರ್ಮ್ ಬೋರ್ಡಿಗೆ ಅವರು ರೂಪಿಸಿಕೊಟ್ಟ ಭಾರತೀಯ ಮಾನದಂಡಗಳೂ ದೇಶದ ಬೇರೆ ಕಡೆಗಳಲ್ಲಿ ಬಳಕೆಯಾಗುತ್ತಿವೆ. ಆ ಫಾರ್ಮ್ ಬೋರ್ಡನ್ನು ನಾನು ಹತ್ತಿರದಿಂದ ನೋಡಿದ್ದೇನೆ: ವೃತ್ತ, ಚೌಕ, ನಕ್ಷತ್ರ ಮೊದಲಾದ ಆಕಾರಗಳ ಹತ್ತು ಮರದ ತುಂಡುಗಳು, ಅವು ಕೂರಬೇಕಾದ ಹತ್ತು ಗುಂಡಿಗಳಿರುವ ಒಂದು ಹಲಗೆ. ತುಂಡುಗಳನ್ನು ಹೊರಗೆ ಪೇರಿಸಿಟ್ಟು, "ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಹಾಕು ಪುಟ್ಟ" ಎಂದು ಹೇಳಿ, ಪರೀಕ್ಷಕರು ಗಡಿಯಾರ ಒತ್ತುತ್ತಾರೆ. ಮೂರು ಸಲ ಮಾಡಿಸಿ, ಅದರಲ್ಲಿ ಕಡಿಮೆ ಹಿಡಿದ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಮ್ಮ ಪಕ್ಕದ ಮನೆಯ ಹುಡುಗ ಮೊದಲ ಸಲ ನಕ್ಷತ್ರವನ್ನು ಹಿಡಿದುಕೊಂಡು ಎಲ್ಲ ಗುಂಡಿಗಳ ಮೇಲೂ ಇಟ್ಟು ನೋಡಿದ. ಮೂರನೆಯ ಸಲ ಕೈ ನೇರವಾಗಿ ಅದರ ಜಾಗಕ್ಕೇ ಹೋಯಿತು. ಮಾತಿನ ಹಂಗಿಲ್ಲದ ಇಂಥ ಕಾರ್ಯಗಳೂ ಪರೀಕ್ಷೆಯಲ್ಲಿ ಇರುತ್ತವೆಯೇ, ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳುತ್ತಾರೆಯೇ ಎಂದು ಮುಂಚೆಯೇ ವಿಚಾರಿಸಿಕೊಳ್ಳುವ ಹಕ್ಕು ಹೆತ್ತವರಿಗಿದೆ.

ಹಣ ಕಟ್ಟುವ ಮುನ್ನ ತಟ್ಟಬೇಕಾದ ಬಾಗಿಲುಗಳು

ಉಚಿತವಾಗಿ ಅಥವಾ ಕಡಿಮೆ ಶುಲ್ಕದಲ್ಲಿ ಪರೀಕ್ಷೆ ಆಗುವ ಜಾಗಗಳು ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಇರುವಷ್ಟು ರಾಜ್ಯದ ಬಹುಪಾಲು ಜಿಲ್ಲೆಗಳಲ್ಲಿ ಇಲ್ಲ. ಬೀದರ್, ರಾಯಚೂರು ಕಡೆಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರುವ ಹೆತ್ತವರನ್ನು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ನೋಡಿದಾಗ, ಮುಕ್ಕಾಲು ಗಂಟೆಯ ದಾರಿಯಲ್ಲಿರುವ ನಾವು ಅಲ್ಲಿಗೆ ಹೋಗದೆ ಸಾಲ ಮಾಡಿ ಬೇರೆಲ್ಲೋ ಕಟ್ಟುತ್ತೇವಲ್ಲ ಎಂದು ಸಂಕಟವಾಗುತ್ತದೆ.

ಮಾನಸಗಂಗೋತ್ರಿಯ ನೈಮಿಷಂ ಆವರಣದಲ್ಲಿರುವ ವಾಕ್ ಶ್ರವಣ ಸಂಸ್ಥೆಯನ್ನು ಜನ ಆಯಿಷ್ ಎಂದು ಕರೆಯುತ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿರುವ ಈ ಸಂಸ್ಥೆಯಲ್ಲಿ ಮಾತು ಮತ್ತು ಶ್ರವಣದ ವಿಭಾಗಗಳಷ್ಟೇ ಅಲ್ಲ, ಕ್ಲಿನಿಕಲ್ ಸೈಕಾಲಜಿ (ಚಿಕಿತ್ಸಾ ಮನಶ್ಶಾಸ್ತ್ರ) ಮತ್ತು ವಿಶೇಷ ಶಿಕ್ಷಣದ ವಿಭಾಗಗಳೂ ಇವೆ. ಕಿವಿ, ಮಾತು, ಬುದ್ಧಿ, ಕಲಿಕೆ ಇಷ್ಟನ್ನೂ ಒಂದೇ ಆವರಣದಲ್ಲಿ ನೋಡಬಲ್ಲ ಜಾಗ ಅದು. ಚಿಕ್ಕ ಮಕ್ಕಳ ವಿಷಯದಲ್ಲಿ ನಾನು ಬೇರೆ ಯಾವ ಬಾಗಿಲಿಗೂ ಮೊದಲು ಈ ಬಾಗಿಲನ್ನೇ ಸೂಚಿಸುತ್ತೇನೆ. ಬಿಪಿಎಲ್ ಕಾರ್ಡ್ ಮತ್ತು ಆದಾಯ ಪ್ರಮಾಣಪತ್ರದ ಮೂಲಪ್ರತಿ, ನಕಲು ಎರಡನ್ನೂ ಇಟ್ಟುಕೊಂಡು ಹೋಗಿ, ನೋಂದಣಿಯ ಸಮಯದಲ್ಲೇ ತೋರಿಸಿ. ಬಿಲ್ಲು ಕಟ್ಟಿದ ಮೇಲೆ ಕಾರ್ಡ್ ತೋರಿಸುವುದರಿಂದ ಪ್ರಯೋಜನವಿಲ್ಲ.

ಸರ್ಕಾರಿ ಶಾಲೆ ಮತ್ತು ಅಂಗನವಾಡಿಯ ಮಕ್ಕಳಿಗೆ ಇನ್ನೂ ಹತ್ತಿರದ ದಾರಿಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡವೊಂದು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಬರುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಬೆಳವಣಿಗೆಯ ವಿಳಂಬವನ್ನೂ ಗುರುತಿಸಿ, ಜಿಲ್ಲಾ ಮಟ್ಟದ ಕೇಂದ್ರಕ್ಕೆ ಚೀಟಿ ಬರೆಯುವುದು ಅವರ ಕೆಲಸ; ಮುಂದಿನ ತಪಾಸಣೆ ಉಚಿತ. ತಂಡ ಬರುವ ದಿನ ಮಗು ಶಾಲೆಗೆ ಹೋಗದಿದ್ದರೆ ಆ ಅವಕಾಶ ಒಂದು ವರ್ಷ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ದಿನಾಂಕವನ್ನು ಮುಖ್ಯಶಿಕ್ಷಕರಿಂದ ಕೇಳಿ ತಿಳಿದುಕೊಳ್ಳಿ. ಇದರ ಜೊತೆಗೆ ಶಿಕ್ಷಣ ಇಲಾಖೆಯ ತಾಲ್ಲೂಕು ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿ ಕಚೇರಿಯಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ನಡೆಯುವ ವೈದ್ಯಕೀಯ ತಪಾಸಣಾ ಶಿಬಿರದ ಪಟ್ಟಿಗೆ ಹೆಸರು ಸೇರಿಸುವವರು ಅವರೇ.

ಖಾಸಗಿ ಶಾಲೆಯವರೂ ಕೈತೊಳೆದುಕೊಳ್ಳುವಂತಿಲ್ಲ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೆಯ ಸೆಕ್ಷನ್ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಮಕ್ಕಳಲ್ಲಿ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಸೂಕ್ತ ಕ್ರಮ ಕೈಗೊಳ್ಳುವಂತೆ ಸರ್ಕಾರ ನೋಡಿಕೊಳ್ಳಬೇಕು. ವರದಿ ತನ್ನಿ ಎಂದು ಹೇಳಿದ ಶಾಲೆಗೆ ಒಂದು ವಿನಯಪೂರ್ವಕ ಪತ್ರ ಬರೆದು, ನಿಮ್ಮ ಆಪ್ತಸಮಾಲೋಚಕರು ಮಾಡಿರುವ ಅವಲೋಕನ, ಮಗುವಿನ ನೋಟ್ ಪುಸ್ತಕಗಳ ಮಾದರಿ, ಕಳೆದ ಎರಡು ವರ್ಷಗಳ ಅಂಕಪಟ್ಟಿ ಕೊಡಿ ಎಂದು ಕೇಳಿ. ಇವು ಮೊದಲೇ ಕೈಯಲ್ಲಿದ್ದರೆ ಪರೀಕ್ಷಕರ ಒಂದು ಇಡೀ ಬೈಠಕ್ ಉಳಿಯುವುದೂ ಉಂಟು.

ಎಂಟು ವರ್ಷ ದಾಟಿದ, ಪರೀಕ್ಷಾ ರಿಯಾಯಿತಿಗಾಗಿ ವರದಿ ಬೇಕಾಗಿರುವ ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಪ್ರಮಾಣಪತ್ರವನ್ನು ಕೊಡುವುದು ಹೇಗಿದ್ದರೂ ಸರ್ಕಾರ ಗುರುತಿಸಿದ ವೈದ್ಯಕೀಯ ಪ್ರಾಧಿಕಾರವೇ ಆದ್ದರಿಂದ, ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ಮೈಸೂರಿನವರಿಗೆ ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್ ಆಸ್ಪತ್ರೆ ಹತ್ತಿರ. ಮಕ್ಕಳ ವಿಭಾಗದಲ್ಲೋ ಮನೋವೈದ್ಯಕೀಯ ವಿಭಾಗದಲ್ಲೋ ಓಪಿಡಿ (ಹೊರರೋಗಿ) ಚೀಟಿ ಮಾಡಿಸಿ, ಯಾವ ದಿನ ಯಾವ ಪರೀಕ್ಷೆ ನಡೆಯುತ್ತದೆ, ಪ್ರಮಾಣಪತ್ರಕ್ಕೆ ಏನೇನು ಬೇಕು ಎಂದು ಮೊದಲು ತಿಳಿದುಕೊಂಡು ಬನ್ನಿ. ಹಳ್ಳಿಯ ಕಡೆಯವರಿಗೆ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರಗಳಲ್ಲಿ ಬರುವ ಮನೋಚೈತನ್ಯ ಕಾರ್ಯಕ್ರಮವೂ ಇದೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್ ಸಹಾಯವಾಣಿ, ಕರೆ ಉಚಿತ, ಕನ್ನಡದಲ್ಲಿ ಮಾತನಾಡಬಹುದು.

ಹತೋಟಿಗೆ ಬಾರದ ಫಿಟ್ಸ್, ಮೆದುಳಿನ ಶಸ್ತ್ರಚಿಕಿತ್ಸೆಯ ಯೋಚನೆ, ತಲೆಯ ಗಂಭೀರ ಗಾಯ ಇವುಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕು. ಮಕ್ಕಳಿಗೆಂದೇ ರೂಪಿಸಿದ ನರಮನೋವೈಜ್ಞಾನಿಕ ಪರೀಕ್ಷಾ ಗುಚ್ಛ ಆ ಸಂಸ್ಥೆಯದು. ಬಿಪಿಎಲ್ ಕಾರ್ಡ್ ಇದ್ದವರಿಗೆ ಅಲ್ಲಿ ರಿಯಾಯಿತಿಯೂ ಉಂಟು.

ಉಚಿತವೆಂದರೆ ಖರ್ಚೇ ಇಲ್ಲವೆಂದಲ್ಲ. ಓಡಾಟ ಮತ್ತು ಕಳೆದುಹೋಗುವ ಕೂಲಿ ಎರಡೂ ಖರ್ಚೇ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ತಾಯಿ, ಅಜ್ಜಿ, ಮಗಳು ಮಂಡ್ಯದಿಂದ ಮೈಸೂರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಬರಬಹುದು. ಕೂಲಿಯ ನಷ್ಟ ತಪ್ಪಿಸಿಕೊಳ್ಳಲು, ಮೊದಲ ದಿನವೇ ಮುಂದಿನ ಎಲ್ಲ ದಿನಾಂಕಗಳನ್ನು ಒಟ್ಟಿಗೆ ಬರೆಸಿಕೊಳ್ಳಿ, ಕಿವಿಯ ಪರೀಕ್ಷೆ ಮತ್ತು ಮನಶ್ಶಾಸ್ತ್ರಜ್ಞರ ಭೇಟಿ ಒಂದೇ ದಿನ ಆಗುವುದೇ ಎಂದು ಕೇಳಿ. ಕೇಳಿದವರಿಗೆ ಹೊಂದಿಸಿಕೊಡುವ ಸಿಬ್ಬಂದಿ ಇದ್ದಾರೆ. ಕೇಳದಿದ್ದರೆ ಅವರಿಗೆ ನಿಮ್ಮ ಕಷ್ಟ ತಿಳಿಯುವುದಿಲ್ಲ.

ಖಾಸಗಿಗೆ ಹೋಗಲೇಬೇಕಾದಾಗ

ಸರದಿ ತಿಂಗಳುಗಟ್ಟಲೆ ಮುಂದೆ ಹೋಗಿ, ಅಷ್ಟರಲ್ಲಿ ಪಬ್ಲಿಕ್ ಪರೀಕ್ಷೆಯ ಅರ್ಜಿಯ ಕೊನೆಯ ದಿನ ಬಂದುಬಿಡುವ ಸಂದರ್ಭಗಳಿರುತ್ತವೆ. ಆಗ ಹಣ ಕೊಟ್ಟು ಮಾಡಿಸುವುದು ತಪ್ಪಲ್ಲ. ಆದರೆ ಫೋನಿನಲ್ಲಿ ದಿನ ಗೊತ್ತುಮಾಡುವ ಮುನ್ನ ಕೆಲವು ಮಾತುಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆ ಮಾಡಿ ಸಹಿ ಹಾಕುವವರ ಅರ್ಹತೆ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಂತೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುವವರು ಆ ಪರಿಷತ್ತಿನ, ಅಂದರೆ ಆರ್‌ಸಿಐ, ನೋಂದಣಿ ಹೊಂದಿರಬೇಕು. ನೋಂದಣಿಯಿಲ್ಲದೆ ಕೆಲಸ ಮಾಡುವುದು ದಂಡನೀಯ. "ನಿಮ್ಮ ಆರ್‌ಸಿಐ ನಂಬರ್ ವರದಿಯಲ್ಲಿ ಇರುತ್ತದೆಯೇ?" ಎಂದು ಕೇಳುವುದು ಅವಮಾನವಲ್ಲ, ನೋಂದಣಿ ಇರುವವರು ಅದನ್ನು ಸಂತೋಷದಿಂದ ಹೇಳುತ್ತಾರೆ. ಪರಿಷತ್ತಿನ ಜಾಲತಾಣದಲ್ಲಿ ಹೆಸರನ್ನು ಹುಡುಕಿ ನೋಡಬಹುದು. ನಾವು ಆ ಒಂದು ಪ್ರಶ್ನೆ ಕೇಳಿದ್ದರೆ 8,000 ರೂಪಾಯಿ ಉಳಿಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಮಗಳು ಅದೇ ಪ್ರಶ್ನೆಗಳ ಮುಂದೆ ಇನ್ನೊಮ್ಮೆ ಅಳುತ್ತ ಕೂರುವುದು ತಪ್ಪುತ್ತಿತ್ತು.

ಶುಲ್ಕವನ್ನು ಬಿಡಿಸಿ ಹೇಳಿ ಎಂದು ಕೇಳಿ. ಮೊದಲ ಭೇಟಿಗೆ ಎಷ್ಟು, ಪ್ರತಿ ಪರೀಕ್ಷೆಗೆ ಎಷ್ಟು, ವರದಿ ಬರೆಯುವುದಕ್ಕೆ ಬೇರೆ ಇದೆಯೇ, ವರದಿಯನ್ನು ಕೂರಿಸಿಕೊಂಡು ವಿವರಿಸುವ ಭೇಟಿ ಇದರಲ್ಲಿ ಸೇರಿದೆಯೇ, ಮಗು ಆ ದಿನ ಸಹಕರಿಸದಿದ್ದರೆ ಮರುದಿನಕ್ಕೆ ಮತ್ತೆ ಕಟ್ಟಬೇಕೇ ಎಂಬುದೆಲ್ಲ ವಾಟ್ಸ್ಆ್ಯಪ್ ಸಂದೇಶದಲ್ಲಿ ಬರಲಿ. ಸಂಪೂರ್ಣ ಪರೀಕ್ಷೆ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಹರಡಿಕೊಂಡಿರುವುದರಿಂದ, ಪ್ರತಿ ಭೇಟಿಗೂ ಆಯಾ ಭಾಗವನ್ನೇ ಕಟ್ಟುತ್ತೇನೆಂದು ಕೇಳಿಕೊಂಡರೆ ಒಪ್ಪುವವರು ಹಲವರಿದ್ದಾರೆ. ಪರೀಕ್ಷೆಯ ಜೊತೆಗೇ ಆರು ತಿಂಗಳ ಥೆರಪಿಯ ಪ್ಯಾಕೇಜ್ ಸೇರಿಸಿ ಮುಂಗಡ ಕೇಳಿದರೆ ಒಪ್ಪಬೇಡಿ. ಯಾವ ಥೆರಪಿ ಬೇಕೆಂದು ಹೇಳಬೇಕಾದದ್ದೇ ಆ ಪರೀಕ್ಷೆ. ಫಲಿತಾಂಶಕ್ಕೆ ಮೊದಲೇ ಚಿಕಿತ್ಸೆಯ ಹಣ ಪಡೆಯುವುದಕ್ಕೆ ಅರ್ಥವಿಲ್ಲ.

ವರದಿಯಲ್ಲಿ ಬಳಸಿದ ಪ್ರತಿ ಪರೀಕ್ಷೆಯ ಹೆಸರು, ಬಂದ ಅಂಕಗಳು, ಪರೀಕ್ಷೆಯ ದಿನಾಂಕ, ಮಗುವಿನ ಆ ದಿನದ ವಯಸ್ಸು, ನಿರ್ಣಯ, ಶಾಲೆಗೆ ಮತ್ತು ಮನೆಗೆ ಸಲಹೆಗಳು ಇರಲೇಬೇಕು. ಅಂಕಗಳಿಲ್ಲದ ವರದಿಯನ್ನು ಮುಂದಿನವರು ಬಳಸಲಾರರು. ಒಂದೇ ಬುದ್ಧಿಪರೀಕ್ಷೆಯನ್ನು ಕಡಿಮೆ ಅವಧಿಯಲ್ಲಿ ಮತ್ತೆ ಮಾಡಿಸಿದರೆ ಮಗುವಿಗೆ ಅಭ್ಯಾಸವಾಗಿ ಅಂಕ ಸುಮ್ಮನೆ ಏರುತ್ತದೆ. ಹೀಗಾಗಿ ಎರಡನೆಯ ಕಡೆಯವರು ತಿಂಗಳುಗಟ್ಟಲೆ ಕಾಯಲು ಹೇಳಬಹುದು. ಮೊದಲ ವರದಿ ಸರಿಯಾಗಿ ಅಂಕಸಹಿತ ಇದ್ದರೆ ಆ ಕಾಯುವಿಕೆಯೂ ಬೇಡ, ಮರುಖರ್ಚೂ ಬೇಡ.

ಸಾಲದ ಬಗ್ಗೆ ಒಂದು ಮಾತು. ತಿಂಗಳಿಗೆ ನೂರಕ್ಕೆ ಮೂರರಂತೆ 10,000 ರೂಪಾಯಿ ಕೈಸಾಲ ತಂದರೆ ವರ್ಷಕ್ಕೆ ಬಡ್ಡಿಯೇ 3,600 ಆಗುತ್ತದೆ. ಕಬ್ಬಿನ ದುಡ್ಡು ಬರುವವರೆಗೆ ಮೂರು ತಿಂಗಳು ಕಾಯುವುದರಿಂದ ಮಗುವಿಗೆ ತೊಂದರೆಯಿಲ್ಲವೆಂದು ವೈದ್ಯರು ಹೇಳಿದರೆ ಕಾಯಿರಿ, ಆ ಅವಧಿಯಲ್ಲಿ ಸರ್ಕಾರಿ ಸರದಿಯಲ್ಲಿ ಹೆಸರನ್ನು ಇಟ್ಟುಕೊಂಡೇ ಇರಿ. ಕಾಯಲಾಗದಿದ್ದರೆ ಸ್ತ್ರೀಶಕ್ತಿ ಸಂಘದ ಒಳಸಾಲ ಕೇಳಿ ನೋಡಿ. ತಾಯಿಯ ಕಿವಿಯೋಲೆಯನ್ನು ಅಡವಿಡುವುದು ಕೊನೆಯ ದಾರಿಯಾಗಿರಲಿ.

ಇಎಸ್‌ಐ ಮತ್ತು ವಿಮೆ

ಮದ್ದೂರು, ಶ್ರೀರಂಗಪಟ್ಟಣ ಕಡೆಯ ಗಾರ್ಮೆಂಟ್ಸ್‌ಗೆ, ನಂಜನಗೂಡಿನ ಕಾರ್ಖಾನೆಗಳಿಗೆ ಹೋಗುವ ಎಷ್ಟೋ ತಾಯಂದಿರ ಸಂಬಳದಲ್ಲಿ ತಿಂಗಳು ತಿಂಗಳು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತದೆ. ತಿಂಗಳ ವೇತನ 21,000 ರೂಪಾಯಿಯವರೆಗೆ ಇರುವ ನೌಕರರಿಗೆ ಅನ್ವಯಿಸುವ ಈ ಯೋಜನೆಯಲ್ಲಿ ಅವಲಂಬಿತ ಮಕ್ಕಳ ಹೊರರೋಗಿ ಚಿಕಿತ್ಸೆಯೂ ಸೇರಿದೆ. ಸಾಮಾನ್ಯ ಆರೋಗ್ಯ ವಿಮೆಗಿಂತ ಇದು ಹೆಚ್ಚು ಉಪಯುಕ್ತವಾಗಿರುವುದು ಇದೇ ಕಾರಣಕ್ಕೆ. ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿದೆಯೇ ಎಂದು ನೋಡಿಕೊಂಡು, ಇಎಸ್‌ಐ ಚಿಕಿತ್ಸಾಲಯದ ವೈದ್ಯರ ಮೂಲಕವೇ ಮೇಲಿನ ಆಸ್ಪತ್ರೆಗೆ ರೆಫರಲ್ ಪಡೆಯಬೇಕು. ಮೊದಲು ಹೊರಗೆ ಮಾಡಿಸಿ, ಆಮೇಲೆ ಬಿಲ್ಲು ಹಿಡಿದು ಹೋದರೆ ಹಣ ಹಿಂದಿರುಗುವುದು ಕಷ್ಟ. ಸರ್ಕಾರಿ ನೌಕರರಿಗೂ ಇದೇ ಮಾತು: ಪರೀಕ್ಷೆ ಮಾಡಿಸುವ ಆಸ್ಪತ್ರೆ ಮರುಪಾವತಿಯ ಪಟ್ಟಿಯಲ್ಲಿದೆಯೇ ಎಂದು ಕಚೇರಿಯಲ್ಲಿ ಮೊದಲೇ ಖಚಿತಪಡಿಸಿಕೊಳ್ಳಿ.

ಖಾಸಗಿ ವಿಮೆಯಿಂದ ಹೆಚ್ಚು ನಿರೀಕ್ಷಿಸಬೇಡಿ. ಬಹುಪಾಲು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನು ಮಾತ್ರ ಕೊಡುತ್ತವೆ, ಈ ಪರೀಕ್ಷೆಯಾದರೋ ಹೊರರೋಗಿಯಾಗಿಯೇ ನಡೆಯುವಂಥದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ 5 ಲಕ್ಷ ರೂಪಾಯಿ ಕೂಡ ಮುಖ್ಯವಾಗಿ ದಾಖಲಾತಿಯ ಚಿಕಿತ್ಸೆಗಳಿಗೇ. ಆದರೂ ಎರಡು ದಾರಿಗಳನ್ನು ಬಿಡಬಾರದು. ಕಂಪನಿಯ ಗುಂಪು ವಿಮೆಯಲ್ಲಿ ಓಪಿಡಿ ಸೌಲಭ್ಯ ಸೇರಿರುವುದುಂಟು. ಎಚ್‌ಆರ್ ವಿಭಾಗಕ್ಕೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಮಗು ಫಿಟ್ಸ್ ಅಥವಾ ತಲೆಪೆಟ್ಟಿನಿಂದ ಆಸ್ಪತ್ರೆಗೆ ದಾಖಲಾಗಿದ್ದರೆ, ದಾಖಲಾಗುವ ಮುನ್ನ 30 ದಿನ ಮತ್ತು ಬಿಡುಗಡೆಯ ನಂತರ 60 ದಿನಗಳ ಸಂಬಂಧಿತ ಪರೀಕ್ಷೆಗಳ ಖರ್ಚನ್ನು ಹಲವು ಪಾಲಿಸಿಗಳು ಒಪ್ಪುತ್ತವೆ. ಅದೇ ಕಾಯಿಲೆಯ ಕಾರಣಕ್ಕೆ ಈ ಪರೀಕ್ಷೆ ಅಗತ್ಯವೆಂದು ಡಿಸ್ಚಾರ್ಜ್ ಸಮ್ಮರಿಯಲ್ಲೇ ವೈದ್ಯರಿಂದ ಬರೆಸಿಕೊಂಡು, ಆ 60 ದಿನಗಳೊಳಗೆ ಮಾಡಿಸಿದರೆ ಕೇಳುವ ಹಕ್ಕು ಗಟ್ಟಿಯಾಗುತ್ತದೆ.

ಮಾನಸಿಕ ಕಾಯಿಲೆ ಎಂಬ ಒಂದೇ ಕಾರಣ ಹೇಳಿ ಕ್ಲೇಮು ತಿರಸ್ಕರಿಸಿದರೆ ಸುಮ್ಮನಾಗಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೆಯ ಸೆಕ್ಷನ್, ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆನ್ನುತ್ತದೆ. ಮೊದಲು ವಿಮಾ ಕಂಪನಿಗೆ ಲಿಖಿತ ದೂರು ಕೊಡಿ; ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದ ಮಗುವಾದರೆ ಪರೀಕ್ಷೆಯ ಬಿಲ್ಲು ಮತ್ತು ವರದಿಯನ್ನು ಮೋಟಾರು ಅಪಘಾತ ಪರಿಹಾರದ ಅರ್ಜಿಯ ಜೊತೆ ಇಡಬೇಕು. ಹೊರಗೆ ಗಾಯ ಕಾಣದ ಮಗುವಿನ ನೆನಪು ಮತ್ತು ಗಮನ ಎಷ್ಟು ಕುಂದಿದೆಯೆಂದು ನ್ಯಾಯಾಲಯಕ್ಕೆ ತೋರಿಸಬಲ್ಲ ಕಾಗದ ಅದು.

ವರದಿ ಕೈಗೆ ಬಂದ ಮೇಲೆ

ಖಾಸಗಿ ವರದಿ ಪ್ರಮಾಣಪತ್ರವಲ್ಲ. ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಸರ್ಕಾರಿ ವೈದ್ಯಕೀಯ ಪ್ರಾಧಿಕಾರದ ಮುಂದೆ ಹಾಜರಾಗಬೇಕು. ಅರ್ಜಿಗೆ ಶುಲ್ಕವಿಲ್ಲ, ಮಧ್ಯವರ್ತಿಗಳಿಗೆ ಕೊಡಬೇಕಾದದ್ದೂ ಏನಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ. 2016ರ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ ಮೂರೂ ಇವೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಎಂಟು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಕೊಡುತ್ತಾರೆ. ಸರ್ಕಾರದ ಮಾರ್ಗಸೂಚಿಯಂತೆ 14 ಮತ್ತು 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆ ಆಗಬೇಕು. ಆರು ವರ್ಷದ ಮಗುವಿಗೆ ಈ ಪ್ರಮಾಣಪತ್ರ ಮಾಡಿಸಿಕೊಡುತ್ತೇವೆಂದು ಹಣ ಕೇಳುವವರಿದ್ದರೆ ನಂಬಬೇಡಿ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಅಥವಾ ಬಹುವಿಧ ನ್ಯೂನತೆಯ ಪ್ರಮಾಣಪತ್ರ ಬಂದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಸೇರಿಸಬಹುದು. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ಈ ವಿಮೆಯಲ್ಲಿ ಓಪಿಡಿ ಪರೀಕ್ಷೆಗಳು ಮತ್ತು ಥೆರಪಿಯೂ ಸೇರಿವೆ. ಮೊದಲ ಪರೀಕ್ಷೆಯ ಖರ್ಚು ಇದರಿಂದ ಬಾರದು, ಏಕೆಂದರೆ ಸೇರುವುದಕ್ಕೇ ಪ್ರಮಾಣಪತ್ರ ಬೇಕು; ಮುಂದಿನ ವರ್ಷಗಳ ಹೊರೆ ಮಾತ್ರ ಇಳಿಯುತ್ತದೆ. ಕಲಿಕಾ ನ್ಯೂನತೆಯೊಂದೇ ಇರುವ ಮಕ್ಕಳು ಇದರ ವ್ಯಾಪ್ತಿಗೆ ಬರುವುದಿಲ್ಲ.

ಆದಾಯ ತೆರಿಗೆ ಕಟ್ಟುವವರಿಗೆ, ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿದ್ದರೆ, 1961ರ ಕಾಯ್ದೆಯ 80ಡಿಡಿ ಸೆಕ್ಷನ್‌ನಲ್ಲಿ 75,000 ರೂಪಾಯಿಯ ಕಡಿತವಿದೆ. ನ್ಯೂನತೆ ಶೇ 80 ಅಥವಾ ಹೆಚ್ಚಿದ್ದರೆ 1,25,000. ಎಷ್ಟು ಖರ್ಚಾಯಿತೆಂಬುದು ಲೆಕ್ಕಕ್ಕಿಲ್ಲ, ಕಡಿತ ನಿಗದಿತ ಮೊತ್ತದ್ದು. ಶೇ 20ರ ತೆರಿಗೆ ಹಂತದಲ್ಲಿರುವವರಿಗೆ ಸೆಸ್ ಸೇರಿ 15,600 ರೂಪಾಯಿ ಉಳಿಯುತ್ತದೆ. ಆದರೆ ಆ ಸೆಕ್ಷನ್ ಆಧರಿಸಿರುವುದು 1995ರ ಹಳೆಯ ವಿಕಲಚೇತನರ ಕಾಯ್ದೆಯ ಮತ್ತು ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪಟ್ಟಿಗಳನ್ನು. ಅವುಗಳಲ್ಲಿ ಕಲಿಕಾ ನ್ಯೂನತೆಯ ಹೆಸರಿಲ್ಲ. ನಮ್ಮ ಮಗಳಿಗೆ ಸಿಬಿಎಸ್‌ಇ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಕ್ಕಿತು, ತೆರಿಗೆಯ ಕಡಿತ ಸಿಗಲಿಲ್ಲ. ಒಂದೇ ಕಾಗದ ಎಲ್ಲ ಕಡೆಯೂ ನಡೆಯುತ್ತದೆಂದು ಎಣಿಸಿ ಹಣದ ಲೆಕ್ಕ ಹಾಕಬೇಡಿ.

ಕೊನೆಯದಾಗಿ, ಕಡತದ ವಿಷಯ. ವೈದ್ಯರ ಮೊದಲ ಚೀಟಿ, ಪ್ರತಿ ರಸೀದಿ, ಅಂಕಸಹಿತ ವರದಿ, ಶಾಲೆಯ ಪತ್ರಗಳು, ಯುಡಿಐಡಿ ಅರ್ಜಿಯ ಸಂಖ್ಯೆ ಇವನ್ನು ದಿನಾಂಕದ ಕ್ರಮದಲ್ಲಿ ಒಂದು ಕಡತದಲ್ಲಿ ಇಟ್ಟು, ಮೂರು ಜೊತೆ ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಫೋಟೊ ತೆಗೆದುಕೊಳ್ಳಿ. ಮೂಲಪ್ರತಿಯನ್ನು ಶಾಲೆಗೂ ಕೊಡಬೇಡಿ. ಐದು ವರ್ಷದ ನಂತರ, 14ನೆಯ ವಯಸ್ಸಿನ ಮರುಪರೀಕ್ಷೆಗೆ ಹೋದ ದಿನ, ಮನಶ್ಶಾಸ್ತ್ರಜ್ಞರು ಆ ಹಳೆಯ ಅಂಕಗಳನ್ನೇ ಮೊದಲು ಕೇಳುತ್ತಾರೆ.